ತಪ್ಪಾಯ್ತಣ್ಣ ಹೇಳದೆ ಇಟ್ಟುಕೊಂಡ ತಪ್ಪು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ತಪ್ಪಾಯ್ತಣ್ಣ ಎಂದೇ ಕರೆಯುತ್ತಿದ್ದರು. ಬಟ್ಟೆಯ ಗಾಡಿ ಯಾರ ಕಾಲಿಗಾದರೂ ತಾಗಿದರೆ, ತಳ್ಳುತ್ತಿದ್ದವರು ಬೇರೆಯವರೇ ಆಗಿದ್ದರೂ, ಮೊದಲು ಕೇಳಿಸುತ್ತಿದ್ದುದು ಅವನ "ತಪ್ಪಾಯ್ತಣ್ಣ, ತಪ್ಪಾಯ್ತು". ಹೆಸರಿಟ್ಟವಳು ಮಡಿಸುವ ಮೇಜಿನ ಹಿರಿಯ ಹೆಂಗಸು. ಅವಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಇವನು ಕಂಬಕ್ಕೆ ಡಿಕ್ಕಿ ಹೊಡೆದರೂ ಕಂಬದ ಹತ್ತಿರ ಕ್ಷಮೆ ಕೇಳಿಯೇ ಮುಂದೆ ಹೋಗುವವನು ಎಂದು ಅವಳು ಹೊಸಬರಿಗೆ ಪರಿಚಯ ಮಾಡಿಕೊಡುತ್ತಿದ್ದಳು. ಅವನೂ ನಗುತ್ತಿದ್ದ.

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲೆ, ಸೂರಿನ ಹತ್ತಿರ, ಉದ್ದನೆಯ ಕಿಟಕಿ. ಅದರಲ್ಲಿ ಹೊರಗೆ ಓಡಾಡುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಒಟ್ಟು ಮೂರು ಕೋಣೆ. ಮೊದಲನೆಯದರಲ್ಲಿ ವಾರ್ಡುಗಳಿಂದ ಬಂದ ಕೊಳೆ ಬಟ್ಟೆ, ಎರಡನೆಯದರಲ್ಲಿ ಒಗೆಯುವ ಯಂತ್ರಗಳು, ಮೂರನೆಯದರಲ್ಲಿ ರೋಲರ್. ಹಿಂಡಿದ ಒದ್ದೆ ಹಾಸುಬಟ್ಟೆಯ ಎರಡು ತುದಿಗಳನ್ನು ಇಬ್ಬರು ಹಿಡಿದು ರೋಲರಿಗೆ ಕೊಡಬೇಕು. ಕಾದ ಉರುಳೆಗಳ ನಡುವೆ ಹಾದು ಅದು ಆಚೆ ಕಡೆ ಒಣಗಿ, ಇಸ್ತ್ರಿಯಾಗಿ ಹೊರಬರುತ್ತದೆ. ಉರುಳೆಗಳ ಮುಂದೆ ಉದ್ದಕ್ಕೂ ಒಂದು ಕೆಂಪು ಪಟ್ಟಿ. ಕೈ ತೀರ ಹತ್ತಿರ ಹೋಗಿ ಪಟ್ಟಿ ತುಸು ಒತ್ತಿದರೂ ಸಾಕು, ಇಡೀ ಯಂತ್ರ ನಿಲ್ಲುತ್ತದೆ. ತಪ್ಪಾಯ್ತಣ್ಣ ಆ ರೋಲರಿನ ಮುಂದೆ ಹದಿನಾರು ವರ್ಷ ನಿಂತವನು.

ಅವನ ವಿನಯ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಹೊಸದರಲ್ಲಿ ಅವನು ಕೈ ಎತ್ತುವ ಗಂಡನಾಗಿದ್ದ. ಒಂದು ದಿನ ಅವನು ಬೀಸಿದ ಊಟದ ತಟ್ಟೆ ಹೆಂಡತಿಯ ಹಣೆಗೆ ಬಡಿದು ಮೂರು ಹೊಲಿಗೆ ಬಿದ್ದವು. ಅವನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಹೊಲಿಗೆ ಹಾಕಿಸಿದ್ದು. ಬಾಗಿಲು ತಾಗಿತು ಎಂದು ಅವಳು ನರ್ಸಿಗೆ ಹೇಳಿದಳು. ಅವಳ ರಕ್ತ ಅಂಟಿದ ಟವಲು ಮರುದಿನ ಉಳಿದ ಬಟ್ಟೆಯ ಜೊತೆ ಕೆಳಗೆ ಅವನ ಕೈಗೇ ಬಂತು. ಅದೇ ವಾರ ಅವನು ಬಣ್ಣದ ಅಂಗಡಿಯ ಮೇಲಿನ ಮಹಡಿಯ ಕ್ರೈಸ್ತ ಸಭೆಗೆ ಮೊದಲ ಸಲ ಮೆಟ್ಟಿಲು ಹತ್ತಿದ.

ಅದು ಚಿಕ್ಕ ಸಭೆ. ಮಡಚುವ ಕುರ್ಚಿ ಐವತ್ತು, ಗೋಡೆಯಲ್ಲಿ ಒಂದು ಮರದ ಶಿಲುಬೆ, ಯಾವಾಗಲೂ ಕೆಳಗಿನಿಂದ ಏರಿಬರುವ ಬಣ್ಣದ ವಾಸನೆ. ಪಾದ್ರಿ ಮೊದಲು ಬಸ್ ಕಂಡಕ್ಟರ್ ಆಗಿದ್ದವರು. ಬಾಗಿಲಲ್ಲಿ ಗುಂಪುಗೂಡಿ ನಿಂತವರಿಗೆ ಈಗಲೂ "ಒಳಗೆ ನಡೀರಿ, ಒಳಗೆ ಜಾಗ ಇದೆ" ಅನ್ನುತ್ತಿದ್ದರು. ಅದು ಆ ಕೋಣೆಯ ಬಗ್ಗೆಯೋ ಸ್ವರ್ಗದ ಬಗ್ಗೆಯೋ ಎಂದು ಹುಡುಗಿಯರು ಪಿಸುಗುಡುತ್ತಿದ್ದರು. ಅವರ ಬೋಧನೆ ಮಾತ್ರ ಸರಳ. ಪಾಪಕ್ಕೆ ಅಳುವುದು ಒಂದು, ಪಾಪವನ್ನು ಬಿಟ್ಟು ನಡೆಯುವುದು ಇನ್ನೊಂದು. ಕ್ರಿಸ್ತನು ಪ್ರಾಣ ಕೊಟ್ಟದ್ದು ನಾವು ಅಳುತ್ತಾ ಕೂರಲಿ ಎಂದಲ್ಲ, ನಡೆಯುವ ಶಕ್ತಿ ನಮಗೆ ಸಿಗಲಿ ಎಂದು. ವಿಧೇಯತೆ ಎಂದರೆ ದೇವರು ತೋರಿಸಿದ ಮುಂದಿನ ಒಂದು ಹೆಜ್ಜೆ ಇಡುವುದು, ಇಷ್ಟವಿದ್ದರೂ ಇಲ್ಲದಿದ್ದರೂ.

ತಪ್ಪಾಯ್ತಣ್ಣ ಅದನ್ನು ನಂಬಿದ. ಕೋಪ ಬಂದಾಗ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತು ಪ್ರಾರ್ಥಿಸುತ್ತಿದ್ದ. ಕೈ ಎತ್ತುವುದು ಪೂರ್ತಿ ನಿಲ್ಲಲು ಎರಡು ವರ್ಷ ಹಿಡಿಯಿತು. ಹೆಂಡತಿ ನಂಬಲು ಇನ್ನೂ ಎರಡು ವರ್ಷ. ಆ ಗೆಲುವು ನಿಜವಾದದ್ದು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮುಂದೆ ಆದದ್ದು ಅಷ್ಟೊಂದು ಕಹಿಯಾದದ್ದಕ್ಕೆ ಅದೂ ಒಂದು ಕಾರಣ.

ಸಭೆಯಲ್ಲಿ ಪ್ರತಿ ಭಾನುವಾರ ಪಾದ್ರಿಯ ಬೋಧನೆಗೆ ಮೊದಲು 'ಒಪ್ಪಿಗೆಯ ಹೊತ್ತು' ಅಂತ ಇರುತ್ತಿತ್ತು. ಯಾರು ಬೇಕಾದರೂ ಎದ್ದು ನಿಂತು ಆ ವಾರ ತಾನು ಎಲ್ಲಿ ಎಡವಿದೆ ಎಂದು ಹೇಳಬಹುದು. ಹೆಚ್ಚಿನವರಿಗೆ ನಾಲಿಗೆ ಏಳುತ್ತಿರಲಿಲ್ಲ. ತಪ್ಪಾಯ್ತಣ್ಣ ಮಾತ್ರ ತಪ್ಪದೆ ಏಳುತ್ತಿದ್ದ. ನೆರೆಮನೆಯವನ ಹೊಸ ಸೈಕಲ್ ಕಂಡು ಹೊಟ್ಟೆ ಉರಿಯಿತು, ಪ್ರಾರ್ಥನೆಯ ನಡುವೆ ತೂಕಡಿಸಿದೆ, ದೊಡ್ಡಕ್ಕ ಕೂಗಿದಾಗ ಕೇಳಿಸದವನಂತೆ ನಡೆದೆ. ಹೇಳುವಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು. ಕೂತವರ ಕಣ್ಣೂ ಒದ್ದೆಯಾಗುತ್ತಿತ್ತು. ಇಷ್ಟು ಚಿಕ್ಕದನ್ನೂ ಮುಚ್ಚಿಡದವನು ಇನ್ನೇನನ್ನು ತಾನೇ ಮುಚ್ಚಿಟ್ಟಾನು ಎಂದು ಜನ ಅಂದುಕೊಂಡರು.

ಮುಚ್ಚಿಟ್ಟದ್ದು ಒಂದಿತ್ತು. ನಾಲ್ಕು ವರ್ಷ ಹಳೆಯದು.

ಆ ದಿನಗಳಲ್ಲಿ ಅವನ ಹೆಂಡತಿಯ ತಮ್ಮ ಅವನ ಜೊತೆಯೇ ರೋಲರಿನ ಇನ್ನೊಂದು ತುದಿ ಹಿಡಿಯುತ್ತಿದ್ದ. ಭಾಮೈದನಿಗೆ ಆಗ ಇಪ್ಪತ್ತಾರು. ವಾರ್ಡುಗಳು ತುಂಬಿ ಬಟ್ಟೆ ಬೆಟ್ಟದಂತೆ ಬೀಳುತ್ತಿದ್ದ ತಿಂಗಳು ಅದು. ನೀರು ಸರಿಯಾಗಿ ಹಿಂಡದ ಹಾಸುಬಟ್ಟೆಗಳು ಭಾರಕ್ಕೆ ಜೋತು ಕೆಂಪು ಪಟ್ಟಿಗೆ ತಾಗುತ್ತಿದ್ದವು. ತಾಗಿದಾಗಲೆಲ್ಲ ಯಂತ್ರ ನಿಲ್ಲುತ್ತಿತ್ತು, ಮತ್ತೆ ಹೊರಡಿಸಲು ಐದು ನಿಮಿಷ. ಒಂದು ಬೆಳಿಗ್ಗೆ ಭಾಮೈದ ಬರುವ ಮೊದಲೇ ತಪ್ಪಾಯ್ತಣ್ಣ ಹರಿದ ಹಾಸುಬಟ್ಟೆಯ ಅಂಚೊಂದನ್ನು ಸೀಳಿ, ತನ್ನ ತುದಿಯಲ್ಲಿ ಪಟ್ಟಿಯನ್ನು ಚೌಕಟ್ಟಿಗೆ ಬಿಗಿದು ಕಟ್ಟಿದ. ಈಗ ಪಟ್ಟಿ ಅಲುಗುತ್ತಿರಲಿಲ್ಲ. ಭಾಮೈದನಿಗೆ ಹೇಳಬೇಕು ಅಂದುಕೊಂಡ. ಗಾಡಿ ಬಂತು, ಹೇಳುವುದು ಮರೆಯಿತು.

ಹನ್ನೊಂದರ ಹೊತ್ತಿಗೆ ಹಾಸುಬಟ್ಟೆಯ ಮಡಿಕೆಯೊಂದರಲ್ಲಿ ಭಾಮೈದನ ಬಲಗೈ ಸಿಕ್ಕಿಕೊಂಡಿತು. ಅವನು ಎಡಗೈಯಿಂದ ಪಟ್ಟಿಯನ್ನು ಒತ್ತಿದ. ಮತ್ತೆ ಒತ್ತಿದ. ಉರುಳೆಗಳು ನಿಲ್ಲಲಿಲ್ಲ. ತಪ್ಪಾಯ್ತಣ್ಣ ಓಡಿಹೋಗಿ ಗೋಡೆಯ ದೊಡ್ಡ ಸ್ವಿಚ್ಚು ಆರಿಸುವಷ್ಟರಲ್ಲಿ ಮೂರು ಬೆರಳು ಹೋಗಿದ್ದವು. ಜನ ಓಡಿಬಂದು ಭಾಮೈದನನ್ನು ಮೇಲಕ್ಕೆ ಹೊತ್ತುಕೊಂಡು ಹೋದರು. ಕೋಣೆಯಲ್ಲಿ ತಪ್ಪಾಯ್ತಣ್ಣನೊಬ್ಬನೇ ಉಳಿದ ಅರ್ಧ ನಿಮಿಷದಲ್ಲಿ ಆ ಅಂಚನ್ನು ಬಿಚ್ಚಿ ಕೊಳೆ ಬಟ್ಟೆಯ ಗಾಡಿಗೆ ಎಸೆದ. ಯಾಕೆ ಬಿಚ್ಚಿದೆ ಎಂದು ಆಗ ಕೇಳಿದ್ದರೆ ಅವನಿಗೇ ಗೊತ್ತಿರಲಿಲ್ಲ. ಕೈ ತಾನಾಗಿ ಹೋಗಿತ್ತು.

ಸೂಪರ್‌ವೈಸರ್ ಬಂದು ಪಟ್ಟಿಯನ್ನು ಪರೀಕ್ಷಿಸಿದ. ಮುಟ್ಟಿದರೆ ಯಂತ್ರ ನಿಲ್ಲುತ್ತಿತ್ತು. ಹತ್ತು ಸಲ ಮುಟ್ಟಿದ, ಹತ್ತು ಸಲವೂ ನಿಂತಿತು. ಹಾಸಿಗೆಯಲ್ಲಿ ಮಲಗಿದ್ದ ಭಾಮೈದ ಮಾತ್ರ ಒಂದೇ ಸಮನೆ ಹೇಳುತ್ತಿದ್ದ, "ಒತ್ತಿದೆ ಸರ್, ನಿಲ್ಲಲಿಲ್ಲ." ವಿಚಾರಣೆಯಲ್ಲಿ ಭಾವನನ್ನು ಕೇಳಿದರು. ತಾನು ಬಟ್ಟೆಯ ಕಡೆ ನೋಡುತ್ತಿದ್ದೆ, ಕಾಣಲಿಲ್ಲ ಎಂದ. ಕೆಲಸಗಾರನೇ ಗಾಬರಿಬಿದ್ದು ಪಟ್ಟಿ ಒತ್ತದೆ, ಆಮೇಲೆ ಯಂತ್ರದ ಮೇಲೆ ಸುಳ್ಳು ದೂರು ಹೇಳಿದ್ದಾನೆ ಎಂದು ವರದಿಯಾಯಿತು. ಅವನನ್ನು ಕೆಲಸದಿಂದ ತೆಗೆದರು. ಲಾಂಡ್ರಿಯಲ್ಲಿ ಕೆಲವರು ಅವನಿಗೆ 'ಒತ್ತಿದೋನು' ಎಂದು ಹೆಸರಿಟ್ಟರು.

ಭಾಮೈದ ಅಕ್ಕನ ಮನೆಯ ಮುಂಕೋಣೆಗೆ ಬಂದು ಸೇರಿದ. ಸೈಕಲ್ ನಿಲ್ಲಿಸುವ ಜಾಗವೊಂದರಲ್ಲಿ ಎಡಗೈಯಿಂದ ಚೀಟಿ ಹರಿದು ಕೊಡುವ ಕೆಲಸ ಸಿಕ್ಕಿತು. ಆದರೆ ಅವನಿಂದ ಹೋದದ್ದು ಬೆರಳಷ್ಟೇ ಅಲ್ಲ. ಒತ್ತಿದ್ದೇನೆ ಎಂದು ತನ್ನ ಕೈಗೇ ಗೊತ್ತಿದ್ದ ಒಂದು ವಿಷಯವನ್ನು ಇಲ್ಲ ಎಂದು ಎಲ್ಲರೂ ಸಾಧಿಸಿದ್ದರಿಂದ, ಬರಬರುತ್ತಾ ಅವನಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ತನ್ನ ಕೋಣೆಯ ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ಮರಳಿ ಬಂದು ಎಳೆದು ನೋಡುತ್ತಿದ್ದ. ಮತ್ತೆ ಹೋಗಿ ಮತ್ತೆ ಬರುತ್ತಿದ್ದ. ಒಲೆ ಆರಿಸಿದೆನಾ ಅಕ್ಕ, ನಾನು ಊಟ ಆಯ್ತು ಅಂದೆನಾ, ಎಂದು ಕೇಳುತ್ತಿದ್ದ. ಪಕ್ಕದ ಕೋಣೆಯಲ್ಲಿ ಕೂತ ತಪ್ಪಾಯ್ತಣ್ಣನಿಗೆ ಬೀಗ ಎಳೆಯುವ ಆ ಸದ್ದು ಪ್ರತಿ ಬೆಳಿಗ್ಗೆ ಕೇಳಿಸುತ್ತಿತ್ತು. ಒಂದು, ಎರಡು, ಮೂರು, ನಾಲ್ಕು.

ಮೊದಲ ತಿಂಗಳು ಅವನು ಬಾಯಿ ಬಿಡದಿದ್ದದ್ದು ಭಯದಿಂದ. ಹೆಂಡತಿಯ ತಮ್ಮ, ಅವಳಿಗೆ ಗೊತ್ತಾದರೆ ಎರಡನೆಯ ಸಲ ಅವಳು ನಂಬುವುದಿಲ್ಲ. ಆಮೇಲೆ ಬಾಯಿ ಬಿಡದಿದ್ದದ್ದು ತಡವಾಯಿತು ಎಂದು. ದೇವರ ಹತ್ತಿರ ಮಾತ್ರ ಸಾವಿರ ಸಲ ಹೇಳಿಕೊಂಡ. ಹೇಳಿಕೊಂಡಾಗ ಎದೆ ಸ್ವಲ್ಪ ಹೊತ್ತು ಹಗುರಾಗುತ್ತಿತ್ತು. ಭಾಮೈದನಿಗೆ ಅನ್ನ ಕಲಸಿ ಕೊಟ್ಟ, ಅಂಗಿಯ ಗುಂಡಿ ಹಾಕಿದ, ಶೂ ದಾರ ಕಟ್ಟಿದ. ಸಭೆಯವರು ಅದನ್ನು ಕಂಡು, ಭಾವ ಅಂದರೆ ಹೀಗಿರಬೇಕು ಎಂದರು. ಭಾನುವಾರ ಬಂತೆಂದರೆ ಅವನು ಎದ್ದು ನಿಂತು ಇನ್ನೊಂದು ಚಿಕ್ಕ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದ.

ನಾಲ್ಕನೆಯ ವರ್ಷ ಭಾಮೈದ ದೀಕ್ಷಾಸ್ನಾನ ಪಡೆದು ಸಭೆಗೆ ಸೇರಲು ಬಯಸಿದ. ಅದಕ್ಕೆ ಮೊದಲು ಒಪ್ಪಿಗೆಯ ಹೊತ್ತಿನಲ್ಲಿ ತನ್ನ ಹಳೆಯ ಬದುಕಿನ ಭಾರವನ್ನು ಹೇಳಿ ಇಳಿಸುವುದು ಸಭೆಯ ರೂಢಿ. ಒಂದು ಸಂಜೆ ಅವನು ಕಾಗದ, ಪೆನ್ನು ಹಿಡಿದು ಭಾವನ ಮುಂದೆ ಬಂದು ಕೂತ.

"ಭಾವ, ಈ ಕೆಲಸದಲ್ಲಿ ನಿಮ್ಮನ್ನ ಬಿಟ್ರೆ ಪಳಗಿದೋರು ಇಲ್ಲ. ಹೇಗೆ ಶುರು ಮಾಡ್ಬೇಕು ಹೇಳಿ."

"ಯಾವುದರ ಬಗ್ಗೆ?"

"ಆ ಪಟ್ಟಿ ವಿಷಯ. ಒತ್ತಿದೆ ಒತ್ತಿದೆ ಅಂತ ಸುಳ್ಳು ಹೇಳಿದ್ನಲ್ಲ. ಯಂತ್ರದ ಮೇಲೆ ಹಾಕ್ದೆ. ಅದೇ ನನ್ನ ದೊಡ್ಡ ಪಾಪ. ಒತ್ತಿದ ಹಾಗೇ ಇನ್ನೂ ನೆನಪಾಗುತ್ತೆ, ನೋಡಿ ಮನಸ್ಸು ಎಷ್ಟು ಮೋಸ ಮಾಡುತ್ತೆ."

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ತಪ್ಪಾಯ್ತಣ್ಣನ ಬಾಯಿ ತೆರೆಯಿತು. ಆದರೆ ಬಾಯಿಂದ ಬಂದ ಮಾತು ಬೇರೆ. ಚಿಕ್ಕದಾಗಿ ಹೇಳು, ನಿಧಾನವಾಗಿ ಹೇಳು, ಯಾರನ್ನೂ ದೂರಬೇಡ ಎಂದ. ಭಾಮೈದ ಎಡಗೈಯಲ್ಲಿ, ಮಕ್ಕಳು ಬರೆದಂಥ ಅಕ್ಷರದಲ್ಲಿ, ಅದನ್ನು ಬರೆದುಕೊಂಡ.

ಭಾನುವಾರ ಅವನು ಎದ್ದು ನಿಂತು ಓದಿದ. ತಾನು ಪಟ್ಟಿ ಒತ್ತಲಿಲ್ಲ, ಒತ್ತಿದೆ ಎಂದು ಸುಳ್ಳು ಹೇಳಿದೆ, ದೇವರು ಕ್ಷಮಿಸಲಿ. ಮೂರನೆಯ ಸಾಲಿನಲ್ಲಿ ಕೂತ ತಪ್ಪಾಯ್ತಣ್ಣ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದ. ಎದ್ದು ನಿಲ್ಲಲು ಅದಕ್ಕಿಂತ ಹೆಚ್ಚಿನ ಆಸರೆ ಬೇಕಿರಲಿಲ್ಲ. ಅವನು ಏಳಲಿಲ್ಲ. ಆಮೆನ್ ಎಂದು ಎಲ್ಲರ ಜೊತೆ ಅವನ ತುಟಿಯೂ ಅಲುಗಿತು. ಜನ ಭಾಮೈದನನ್ನು ಅಪ್ಪಿಕೊಂಡರು. ಅವನ ಅಕ್ಕ ಅತ್ತಳು. ಮನೆಗೆ ನಡೆದುಹೋಗುವಾಗ ಭಾಮೈದ, ನಾಲ್ಕು ವರ್ಷದಿಂದ ಎದೆಯ ಮೇಲೆ ಕೂತದ್ದು ಇವತ್ತು ಎದ್ದುಹೋಯಿತು ಭಾವ, ಎಂದ. ಮರುದಿನ ಬೆಳಿಗ್ಗೆ ಬೀಗವನ್ನು ಒಂದೇ ಸಲ ಎಳೆದು ನೋಡಿ ಕೆಲಸಕ್ಕೆ ಹೋದ.

ಇದಕ್ಕಿಂತ ಸಲೀಸಾದ ನೆಪ ಇನ್ನೊಂದಿರಲಿಲ್ಲ. ಅವನಿಗೆ ನೆಮ್ಮದಿ ಸಿಕ್ಕಿದೆ, ಅದನ್ನು ಯಾಕೆ ಕಲಕಬೇಕು. ಸುಮ್ಮನಿರುವುದೇ ಪ್ರೀತಿ ಎಂದು ತಪ್ಪಾಯ್ತಣ್ಣನ ಮನಸ್ಸು ಅವನಿಗೆ ಬೋಧಿಸಿತು. ಮೂರು ದಿನ ಆ ಬೋಧನೆಯನ್ನು ಅವನು ಕೇಳಿದ. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಅದು ನಿಂತಿತು. ತಾನು ಒಬ್ಬನ ಬೆರಳು ತೆಗೆದೆ, ಅವನ ಕೆಲಸ ತೆಗೆದೆ. ಈಗ ಅವನು ಹೇಳಿದ ಒಂದೇ ಒಂದು ನಿಜವನ್ನು ದೇವರ ಮುಂದೆ ಪಾಪ ಎಂದು ಅವನ ಬಾಯಿಂದಲೇ ಹೇಳಿಸಿದೆ. ಮಾತು ಬರೆಸಿಕೊಟ್ಟವನೂ ತಾನೇ.

ಮಧ್ಯಾಹ್ನದ ಪಾಳಿಗೆ ಮೊದಲು ಅವನು ಪಾದ್ರಿಯ ಮನೆಗೆ ಹೋದ. ಅವರು ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಎಲ್ಲವನ್ನೂ ಹೇಳಿದ. ಹೇಳಿ, ಬರುವ ಭಾನುವಾರ ಸಭೆಯ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ ಅಯ್ಯನವರೇ ಎಂದ. ಪಾದ್ರಿ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ಸಭೆ ಬೇಡ," ಎಂದರು ಕೊನೆಗೆ. "ಅಲ್ಲಿ ನಿಂತು ಹೇಳೋದು ನಿನಗೆ ಅಭ್ಯಾಸ ಆಗ್ಬಿಟ್ಟಿದೆ. ನಾವೂ ನಿನ್ನ ಕಣ್ಣೀರಿಗೆ ಅಭ್ಯಾಸ ಆಗ್ಬಿಟ್ವಿ, ಅದು ನನ್ನ ತಪ್ಪು. ನೀನು ಹೇಳ್ಬೇಕಾದೋನು ಒಬ್ನೇ. ಇವತ್ತೇ ಹೋಗು."

"ಅವನಿಗೆ ಈಗ ತಾನೇ ಸಮಾಧಾನ ಸಿಕ್ಕಿದೆ."

"ಅದು ನೀನು ಕೊಟ್ಟ ಸಮಾಧಾನ. ದೇವರದ್ದಲ್ಲ."

ಪ್ರಾರ್ಥನೆ ಮಾಡಿ ಕಳಿಸಿ ಎಂದು ಅವನು ಕೇಳಿಕೊಂಡ. ಹೋಗಿ ಬಾ, ಆಮೇಲೆ ಮಾಡೋಣ ಎಂದರು ಪಾದ್ರಿ.

ಭಾಮೈದ ಸೈಕಲ್ ಸಾಲಿನ ತುದಿಯಲ್ಲಿ, ತಗಡಿನ ನೆರಳಲ್ಲಿ, ಸ್ಟೂಲಿನ ಮೇಲೆ ಕೂತಿದ್ದ. ತಪ್ಪಾಯ್ತಣ್ಣ ಅವನ ಎದುರು ನಿಂತುಕೊಂಡೇ ಹೇಳಿದ. ಈ ಸಲ ಕಣ್ಣೀರು ಬರಲಿಲ್ಲ, ಪೀಠಿಕೆಯೂ ಇರಲಿಲ್ಲ. ಪಟ್ಟಿಯನ್ನು ನಾನು ಕಟ್ಟಿದ್ದೆ, ಆಮೇಲೆ ನಾನೇ ಬಿಚ್ಚಿದೆ, ಇಷ್ಟೇ. ಒಬ್ಬರು ಬಂದು ಸೈಕಲ್ ಕೊಟ್ಟರು. ಭಾಮೈದ ಚೀಟಿ ಹರಿದು ಅವರಿಗೆ ಕೊಟ್ಟು, ಅವರು ಹೋದ ಮೇಲೆ ಕೇಳಿದ.

"ಹಾಗಾದ್ರೆ ನಾನು ಒತ್ತಿದ್ದು ನಿಜಾನಾ?"

"ನಿಜ."

"ಎಡಗೈಲಿ?"

"ಹೌದು. ಎರಡು ಸಲ. ನಾನು ನೋಡ್ದೆ."

"ನೋಡಿದ್ರಿ," ಎಂದು ಭಾಮೈದ ತನಗೆ ತಾನೇ ಹೇಳಿಕೊಂಡ. ಸ್ಟೂಲಿನಿಂದ ಎದ್ದ. ಪಕ್ಕದ ಬೀಡಾ ಅಂಗಡಿಯವನಿಗೆ ಸ್ವಲ್ಪ ನೋಡಿಕೊಳ್ಳಲು ಹೇಳಿದ. "ಬನ್ನಿ, ತೋರ್ಸಿ," ಎಂದ.

ನಾಲ್ಕು ವರ್ಷದ ಮೇಲೆ ಭಾಮೈದ ಆ ನೆಲಮಾಳಿಗೆಯ ಮೆಟ್ಟಿಲು ಇಳಿದ. ರೋಲರ್ ಓಡುತ್ತಿತ್ತು. ಮಡಿಸುವ ಮೇಜಿನವರು ಕೈ ನಿಲ್ಲಿಸಿ ನೋಡಿದರು. ಏನಪ್ಪಾ ಒತ್ತಿದೋನೇ, ದಾರಿ ತಪ್ಪಿ ಬಂದ್ಯಾ ಎಂದು ಯಾರೋ ಕೇಳಿದರು, ಒಂದಿಬ್ಬರು ನಕ್ಕರು. ತಪ್ಪಾಯ್ತಣ್ಣ ಹರಿದ ಬಟ್ಟೆಯ ರಾಶಿಯಿಂದ ಒಂದನ್ನು ಎಳೆದು ಅಂಚು ಸೀಳಿದ. ಯಂತ್ರವನ್ನು ಆರಿಸಿ ಪಟ್ಟಿಯನ್ನು ಚೌಕಟ್ಟಿಗೆ ಬಿಗಿದು, ಮತ್ತೆ ಓಡಿಸಿದ. ನಗು ನಿಂತಿತು. ಭಾಮೈದ ತನ್ನ ಹಳೆಯ ಜಾಗಕ್ಕೆ ಹೋಗಿ, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಪಟ್ಟಿಯನ್ನು ಒತ್ತಿದ. ಉರುಳೆಗಳು ತಿರುಗುತ್ತಲೇ ಇದ್ದವು. ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ. ತಿರುಗುತ್ತಲೇ ಇದ್ದವು. ಅಷ್ಟರಲ್ಲಿ ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದ. ತಪ್ಪಾಯ್ತಣ್ಣ ಅವನಿಗೆ, ಅವತ್ತು ಹೀಗೇ ಇತ್ತು ಸರ್, ಕಟ್ಟಿದ್ದು ನಾನು ಎಂದ. ದೊಡ್ಡಕ್ಕ ಮಡಿಸುತ್ತಿದ್ದ ದಿಂಬಿನ ಚೀಲವನ್ನು ಬಾಯಿಗೆ ಒತ್ತಿಕೊಂಡಳು. ಭಾಮೈದ ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದ.

ಆ ವಾರದಲ್ಲೇ ತಪ್ಪಾಯ್ತಣ್ಣನ ಕೆಲಸ ಹೋಯಿತು. ಹಳೆಯ ವರದಿಯನ್ನು ತಿದ್ದಿದರು: ಕೆಲಸಗಾರ ಪಟ್ಟಿ ಒತ್ತಿದ್ದ. ಭಾಮೈದ ಅದರ ಒಂದು ಪ್ರತಿಯನ್ನು ಕೇಳಿ ಪಡೆದ. ದಾಸ್ತಾನು ಕೋಣೆಯಲ್ಲಿ ಕೆಲಸ ಕೊಡುತ್ತೇವೆ ಎಂದದ್ದಕ್ಕೆ ಬೇಡ ಎಂದ. ಅವನು ಬೇರೆ ಕೋಣೆ ಹಿಡಿದ, ಅಕ್ಕ ಅವನ ಜೊತೆ ಹೋದಳು. ಹೋಗುವ ದಿನ ಅವಳು ಬಯ್ಯಲಿಲ್ಲ. "ಹಣೆ ಒಡೆದಾಗ ಹೊಲಿಗೆ ಹಾಕಿಸ್ಕೊಂಡೆ," ಎಂದಳು. "ಇದಕ್ಕೆ ಎಲ್ಲಿ ಹಾಕಿಸ್ಲಿ, ನೀವೇ ಹೇಳಿ." ಕೈ ಎತ್ತದ ಗಂಡನನ್ನು ನಂಬಿ ತಾನು ಮೋಸಹೋದೆ ಎಂಬ ಮಾತನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಪೆಟ್ಟಿಗೆ ಕಟ್ಟುವ ಕೈಯಲ್ಲಿ ಅದಿತ್ತು.

ಭಾನುವಾರ, ಭಾಮೈದನ ಮೇಲೆ ಬಿದ್ದ ಸುಳ್ಳನ್ನು ತೆಗೆಯಲಷ್ಟೇ, ತಪ್ಪಾಯ್ತಣ್ಣ ಸಭೆಯಲ್ಲಿ ಎದ್ದು ನಿಂತ. ಭಾಮೈದ ಕಳೆದ ವಾರ ಹೇಳಿದ ಪಾಪ ಅವನದ್ದಲ್ಲ, ನನ್ನದು, ಅವನು ಮೊದಲಿನಿಂದಲೂ ನಿಜ ಹೇಳಿದ್ದ ಎಂದು ಹೇಳಿ ಕೂತ. ಯಾರೂ ಆಮೆನ್ ಅನ್ನಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ಅಂದಿನಿಂದ ಅವನ ಅಕ್ಕಪಕ್ಕದ ಕುರ್ಚಿಗಳು ಖಾಲಿ ಇರುತ್ತಿದ್ದವು. ಮತ್ತೆ ಅವನು ಒಪ್ಪಿಗೆಯ ಹೊತ್ತಿನಲ್ಲಿ ಏಳಲಿಲ್ಲ. ಏಳಬೇಕು ಅನ್ನಿಸುತ್ತಿತ್ತು, ತನ್ನ ಕುಸಿತವನ್ನು ಚೆನ್ನಾಗಿ ಹೇಳುವ ಮಾತುಗಳು ತಾವಾಗಿ ಬಾಯಿಗೆ ಬರುತ್ತಿದ್ದವು. ಹಿಂದೆ ಕೋಪವನ್ನು ಹಿಡಿದಂತೆ ಈಗ ಅವನು ಆ ಮಾತುಗಳನ್ನು ಹಿಡಿಯಬೇಕಿತ್ತು, ಮತ್ತು ಕೋಪಕ್ಕಿಂತ ಅದು ಕಷ್ಟವಾಗಿತ್ತು.

ಈಗ ಅವನು ಒಂದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುತ್ತಾನೆ. ಒಬ್ಬನೇ ಅಡುಗೆ ಮಾಡಿಕೊಳ್ಳುತ್ತಾನೆ. ಹೆಂಡತಿ ತಿಂಗಳಿಗೊಮ್ಮೆ ಬಂದು ಮನೆ ಗುಡಿಸಿ ಹೋಗುತ್ತಾಳೆ, ಕೂರುವುದಿಲ್ಲ. ತಮ್ಮ ಈಗಲೂ ಬೀಗ ಎಳೆದು ನೋಡುತ್ತಾನೆ, ಎರಡು ಸಲ ಎಂದು ಅವಳೇ ಒಮ್ಮೆ ಹೇಳಿದಳು. ಪ್ರಭುಭೋಜನದ ದಿನ ರೊಟ್ಟಿ, ದ್ರಾಕ್ಷಾರಸದ ಸಾಲಿಗೆ ಅವನು ಹೋಗುವುದಿಲ್ಲ. ನೊಂದವನ ಜೊತೆ ಮೊದಲು ಸರಿಹೋಗಿ ಆಮೇಲೆ ಬರಬೇಕು ಎಂಬುದು ಬೋಧನೆ. ಪಾದ್ರಿ ಬಾ ಎಂದು ಕರೆಯುವುದೂ ಇಲ್ಲ, ಬೇಡ ಎನ್ನುವುದೂ ಇಲ್ಲ.

ಒಂದೇ ಒಂದು ಸಲ, ಸಭೆಯ ಮೆಟ್ಟಿಲಲ್ಲಿ, ಅವನು ಭಾಮೈದನನ್ನು ತಡೆದು ನಿಲ್ಲಿಸಿದ್ದ. ಮಾತು ಶುರುವಾಗುವ ಮೊದಲೇ ಭಾಮೈದ ಎಡಗೈ ಎತ್ತಿದ.

"ಕ್ಷಮೆ ಕೇಳ್ಬೇಡಿ ಭಾವ. ಕೇಳಿದ್ರೆ ನಾನು ಕೊಡ್ಲೇಬೇಕು, ಅದನ್ನೂ ಇಲ್ಲೇ ಕಲಿತಿದ್ದೀನಿ. ಸದ್ಯಕ್ಕೆ ನನ್ನ ಹತ್ರ ಇಲ್ಲ. ಇಲ್ಲದ್ದನ್ನ ಕೊಟ್ಟೆ ಅಂದ್ರೆ ಅದು ಸುಳ್ಳಾಗುತ್ತೆ. ಬಂದಾಗ ನಾನೇ ಹೇಳ್ತೀನಿ."

ಅದಾಗಿ ಒಂದೂವರೆ ವರ್ಷವಾಯಿತು. ಭಾನುವಾರ ಭಾಮೈದ ಎರಡನೆಯ ಸಾಲಿನಲ್ಲಿ ಕೂರುತ್ತಾನೆ, ಅವನು ಕೊನೆಯ ಸಾಲಿನಲ್ಲಿ. ಸಭೆ ಮುಗಿದ ಮೇಲೆ ಭಾಮೈದ ಬಾಗಿಲಿಗೆ ಬರುವ ದಾರಿ ಅವನ ಕುರ್ಚಿಯ ಪಕ್ಕದಲ್ಲೇ. ಅವನು ಎದ್ದು ನಿಲ್ಲುತ್ತಾನೆ, ಕ್ಷಮೆ ಕೇಳುವುದಿಲ್ಲ. ಭಾಮೈದ ಹಾದುಹೋಗುತ್ತಾನೆ. ಕೆಳಗೆ ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದು ಮುಗಿಯುವವರೆಗೆ ನಿಂತಿದ್ದು, ಆಮೇಲೆ ಅವನು ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಗೋಡೆಗೆ ಒರಗಿಸುತ್ತಾನೆ.